ಕಿನ್ನಾಳದ ಹನ್ನೆರಡು ಕಾಡತೂಸು

ಮೂವತ್ತಾರು ಕಾಡತೂಸು, ಎರಡು ಪಿಸ್ತೂಲು, ನಾಲ್ಕು ಜನ, ನಲವತ್ತು ದಿನ. ಮೇಲಿನಿಂದ ಬಂದ ಹುಕುಮಿನಲ್ಲಿ ಇದ್ದದ್ದು ಇಷ್ಟೇ. ಉಳಿದದ್ದನ್ನೆಲ್ಲ ನಾನೇ ತಿಳಿದುಕೊಳ್ಳಬೇಕಿತ್ತು.

ಯುದ್ಧ ಶುರುವಾಗಿ ಮೂರು ವರ್ಷ ಕಳೆದಿತ್ತು. ರಸ್ತೆ ಚೌಕಿಗಳಲ್ಲಿದ್ದ ಉದ್ದ ಬಂದೂಕುಗಳನ್ನು ವಾಪಸು ತರಿಸಿಕೊಂಡು, ಯಾವುದೋ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಆರು ಗುಂಡಿನ ಪಿಸ್ತೂಲುಗಳನ್ನು ಕೊಟ್ಟಿದ್ದರು. ಟಪ್ಪಾಲಿನ ಮೋಟಾರಿನ ಜೊತೆ ಕಾವಲು ಹೋಗುವ ಪ್ರತಿಯೊಬ್ಬನೂ ಪಿಸ್ತೂಲಿನ ಚಾಂದಮಾರಿ, ಅಂದರೆ ಗುರಿ ಪರೀಕ್ಷೆ, ಪಾಸಾಗಬೇಕು. ಹದಿನೈದು ಹೆಜ್ಜೆ ದೂರದಿಂದ ಆರು ಗುಂಡು ಹಾರಿಸಿ ನಾಲ್ಕನ್ನು ಒಂದು ಮೊಳದ ಚೌಕದೊಳಗೆ ಹಾಕಬೇಕು. ಹಾಕಲಾರದವನು ಮನೆಗೆ ಹೋಗಬೇಕು. ಗುಂಡು ಹಾರಿಸುವುದನ್ನು ಕಲಿಯಲು ಗುಂಡು ಕೊಡುವುದಿಲ್ಲ, ಕಲಿಯದಿದ್ದರೆ ಕೆಲಸದಿಂದ ತೆಗೆಯುತ್ತೇವೆ! ಇಂಥ ಹುಕುಮು ಬರೆದವರಿಗೆ ಏನನ್ನಬೇಕು? ಅಂದರೂ ಯಾರಿಗೆ ಅನ್ನಬೇಕು?

ನಾನು ಕವಾಯತು ಕಲಿಸುವವನು. ಜವಾನರು ನನ್ನನ್ನು ಉಸ್ತಾದ ಎಂದು ಕರೆಯುತ್ತಿದ್ದರು. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಒಂದು ಚೌಕಿಗೆ ಹೋಗಿ ಅಲ್ಲಿಯ ನಾಲ್ವರನ್ನು ತಯಾರು ಮಾಡು ಅಂದರು. ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರು ದಾರಿಯಲ್ಲಿ ಮೂರು ಸಲ ನಿಂತಿತು, ಮೂರು ಸಲವೂ ಇಳಿದು ನೂಕಿದೆವು. ಚೌಕಿ ಮುಟ್ಟುವ ಹೊತ್ತಿಗೆ ಮೈಯೆಲ್ಲ ಮಸಿ, ಬಾಯೆಲ್ಲ ಧೂಳು. ಬಾಗಿಲಲ್ಲಿ ನಿಂತಿದ್ದವರನ್ನು ನೋಡಿ ಉಳಿದಿದ್ದ ಅಷ್ಟಿಷ್ಟು ಜೀವವೂ ಹಣ್ಣಾಯಿತು. ಆ ಚೌಕಿಯ ಜಮಾದಾರರು ನನಗೆ ಕೆಲಸ ಕಲಿಸಿದವರಾಗಿದ್ದರು.

ಮೀಸೆ ಮೂಡದ ವಯಸ್ಸಿನಲ್ಲಿ ನಾನು ನೌಕರಿಗೆ ಸೇರಿದಾಗ ಬಂದೂಕು ಹಿಡಿಯುವುದನ್ನು ಹೇಳಿಕೊಟ್ಟವರು ಅವರು. ಅವರ ಮೊದಲ ಪಾಠ ಗುರಿಯದಲ್ಲ, ಹತ್ಯಾರ ಕೈಬದಲು ಮಾಡುವುದರದು. ಕೊಡುವವನು ‘ಭರ್ತಿ’ ಇಲ್ಲವೇ ‘ಖಾಲಿ’ ಎಂದು ಗಟ್ಟಿಯಾಗಿ ಹೇಳಬೇಕು. ತೆಗೆದುಕೊಳ್ಳುವವನು ಅದೇ ಮಾತನ್ನು ತಿರುಗಿ ಹೇಳಬೇಕು. ಹೇಳಿದ ಮೇಲೆ ಬಿಚ್ಚಿ ನೋಡುವಂತಿಲ್ಲ; ನೋಡಿದರೆ ಕೊಟ್ಟವನನ್ನು ಮುಖದ ಮುಂದೆಯೇ ಸುಳ್ಳ ಅಂದ ಹಾಗೆ. ಒಮ್ಮೆ ಹೇಳುವುದನ್ನು ಮರೆತು ಸುಮ್ಮನೆ ಕೊಟ್ಟದ್ದಕ್ಕೆ ಅವರಿಂದ ಕಪಾಳಕ್ಕೆ ತಿಂದಿದ್ದೇನೆ. ಆಮೇಲೆ ಎಂದೂ ಮರೆಯಲಿಲ್ಲ.

“ಬಾ ತಮ್ಮಾ, ಬಾ. ಈಗ ನೀ ನನಗ ಕಲಸಾಕ ಬಂದೀಯೇನ?” ಎಂದು ಜಮಾದಾರರು ನಕ್ಕರು.

“ಏನ್ ಮಾಡ್ಲಿರಿ ಜಮಾದಾರ್ರ, ಹುಕುಂ ಐತಿ.”

“ಐತಿ ಐತಿ. ನಂದೂ ವಜೀಫಾಕ್ಕ ಇನ್ನ ಎರಡ ವರ್ಷ ಐತಿ. ಈಗ ಫೇಲ್ ಆದ್ನೆಂದ್ರ ಪಿಂಚಣಿ ಗಿಂಚಣಿ ಏನೂ ಇಲ್ಲ. ಮೂವತ್ತು ವರ್ಷ ದುಡದದ್ದು ನೀರಾಗ ಹೋಮ ಮಾಡಿದಂಗ.” ನಗುತ್ತಲೇ ಹೇಳಿದರು.

ಮರುದಿನ ಬೆಳಿಗ್ಗೆ ಒಬ್ಬೊಬ್ಬರಿಗೂ ಎರಡೆರಡು ಗುಂಡು ಕೊಟ್ಟು ಹಾರಿಸಿದೆ. ಯಾರ ಕೈ ಹೇಗಿದೆ ಎಂದು ನೋಡದೆ ಕಲಿಸುವುದು ಹೇಗೆ? ಮೂವರು ಜವಾನರದೂ ಪರವಾಗಿಲ್ಲ ಅನ್ನುವಂತಿತ್ತು. ಜಮಾದಾರರ ಎರಡೂ ಗುಂಡು ಐದು ಹೆಜ್ಜೆ ಮುಂದೆ ನೆಲ ಕೆದರಿದವು. ನಾನು ಗುರಿಯನ್ನು ನೋಡದೆ ಅವರನ್ನೇ ನೋಡುತ್ತಿದ್ದೆ. ಗುಂಡು ಹಾರುವುದಕ್ಕಿಂತ ಒಂದು ಕ್ಷಣ ಮೊದಲೇ ಕಣ್ಣು ಮುಚ್ಚುತ್ತಿತ್ತು, ಮಣಿಕಟ್ಟು ಕೆಳಗೆ ಕುಸಿಯುತ್ತಿತ್ತು. ಸದ್ದು ಬರುವ ಮುಂಚೆಯೇ ಸದ್ದಿಗೆ ಬೆಚ್ಚುತ್ತಿದ್ದರು.

“ಹನ್ನೆರಡು ವರ್ಷ ಆತು ತಮ್ಮಾ, ಒಂದ ಗುಂಡ ಹಾರಿಸಿಲ್ಲ,” ಅಂದರು. “ಕೊಟ್ಟರ ತಾನ ಹಾರಸೂದು? ಕಡೇ ಸಲ ಹಾರಿಸಿದಾಗ ಮಗ್ಗಲದಾಂವನ ಬಂದೂಕ ಸೀಳಿ ಅವನ ಎರಡ ಕೈಬಟ್ಟ ಹೋದ್ವು. ನನ್ನ ಮಾರಿ ಮ್ಯಾಲೆ ರಕ್ತ ಸಿಡೀತು. ಅದೇನ ಕೈಯಾಗ ಕುಂತೈತೋ ಏನೋ, ಏಳವಲ್ದು.”

ಉಳಿದದ್ದು ಇಪ್ಪತ್ತೆಂಟು. ಪರೀಕ್ಷೆಗೆ ತಲೆಗೆ ಆರರಂತೆ ಇಪ್ಪತ್ತನಾಲ್ಕನ್ನು ಮುಟ್ಟುವಂತಿಲ್ಲ. ಅಂದರೆ ಮುಂದಿನ ತಾಲೀಮಿಗೆಲ್ಲ ನಾಲ್ಕೇ ನಾಲ್ಕು. ಅವನ್ನು ತಗಡಿನ ಡಬ್ಬಿಯಲ್ಲಿಟ್ಟು ಬೀಗ ಜಡಿದು, ಗುಂಡಿಲ್ಲದೆ ಗುಂಡು ಹೊಡೆಯುವುದನ್ನು ಕಲಿಸಲು ನಿಂತೆ.

ಬೆಳಿಗ್ಗೆ ಎದ್ದ ಕೂಡಲೇ ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ಚಾಚಿದ ಬಲಗೈಯಲ್ಲಿ ಹಿಡಿದು ನೂರು ಎಣಿಸುವ ತನಕ ನಿಲ್ಲಬೇಕು, ನೀರು ತುಳುಕಬಾರದು. ಆಮೇಲೆ ಚೌಕಿಯ ಹಿಂಗೋಡೆಯ ಮುಂದೆ ತಾಲೀಮು. ಕಲ್ಲುಮಣ್ಣಿನ ದಪ್ಪ ಗೋಡೆ ಅದು, ಅದರಾಚೆ ಬರೀ ಕಲ್ಲುಗುಡ್ಡ. ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಮೊಳದ ಚೌಕ ಎಳೆದು, ಅದರ ನಡುವೆ ರೊಟ್ಟಿಯಗಲದ ದುಂಡು ಗುರುತು ಬರೆದಿದ್ದೆ. ಖಾಲಿ ಪಿಸ್ತೂಲು ಹಿಡಿದು, ನಳಿಗೆಯ ತುದಿಯ ಗುರಿಮೊಳೆಯನ್ನು ಆ ಗುರುತಿನ ನಡುವೆ ಕೂರಿಸಿ, ಉಸಿರು ಅರ್ಧ ಬಿಟ್ಟು, ಕೆಳಗಿನ ಕೊಕ್ಕೆಯಂಥ ಕುದುರೆಯನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತರಬೇಕು. ನಳಿಗೆಯ ಮೇಲೆ ಒಂದು ಹುಣಸೆ ಬೀಜ ಇಡುತ್ತಿದ್ದೆ. ಚೌಕಾಬಾರ ಆಡಲು ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿರುತ್ತಾರಲ್ಲ, ಅಂಥದ್ದು. ‘ಚಟ್’ ಅಂದಾಗ ಬೀಜ ಬಿದ್ದರೆ ಕುದುರೆಯನ್ನು ಜಗ್ಗಿದ್ದಾನೆ ಎಂದರ್ಥ. ಬೀಳದಿದ್ದರೆ ಸರಿಯಾಗಿ ಒತ್ತಿದ್ದಾನೆ. ದಿನಕ್ಕೆ ಒಬ್ಬೊಬ್ಬನೂ ಇನ್ನೂರು ಸಲ.

“ಉಸ್ತಾದ್ರ, ಕಳ್ಳರು ಬಂದ್ರ ಹುಣಸಿ ಬೀಜ ತೂರೂಣೇನ್ರಿ?” ಎಂದು ಗಂಗಾವತಿ ಕಡೆಯ ಜವಾನ ಕೇಳಿದ. ಅವನಿಗೆ ದಿನಕ್ಕೊಂದು ಇಂಥ ಮಾತು ಆಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

“ಮೊದಲ ನಿನ್ನ ಬೀಜ ಬೀಳದಂಗ ನೋಡ್ಕೋಳೋ,” ಅಂದೆ.

ಅವನದು ಹತ್ತಕ್ಕೆ ಐದು ಸಲ ಬೀಳುತ್ತಿತ್ತು. ಜಮಾದಾರರದು ಒಂದು ಸಲವೂ ಬೀಳಲಿಲ್ಲ. ಖಾಲಿ ಪಿಸ್ತೂಲಿನಲ್ಲಿ ಅವರಷ್ಟು ನೆಟ್ಟಗೆ ಕೈ ನಿಲ್ಲಿಸುವವರನ್ನು ನಾನು ಎಲ್ಲೂ ಕಂಡಿರಲಿಲ್ಲ. ಖಾಲಿಯಲ್ಲಿ ಕಲ್ಲಿನಂತೆ ನಿಲ್ಲುವ ಕೈ ಭರ್ತಿಯಲ್ಲಿ ಹಾಗೇಕೆ ಕುಸಿಯುತ್ತದೆ? ಬೈದರೆ ಹೋಗುವ ರೋಗವಲ್ಲ, ಹೇಳಿದರೆ ತಿಳಿಯುವ ತಪ್ಪೂ ಅಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಹತ್ತನೆಯ ದಿನ ಒಂದು ಪಿಸ್ತೂಲು ಮುರಿಯಿತು. ಕಾಡತೂಸಿನ ತಳಕ್ಕೆ ಬಡಿಯುವ ಮೊಳೆಯಂಥ ಮೂತಿ ಇರುತ್ತದಲ್ಲ, ಎದುರಿಗೆ ಕಾಡತೂಸಿಲ್ಲದೆ ಸುಮ್ಮನೆ ಬಡಿದೂ ಬಡಿದೂ ಅದು ಕಡಿದುಹೋಯಿತು. ತಪ್ಪು ನನ್ನದೇ. ಕಾಡತೂಸು ಕೂರುವ ಮನೆ ಖಾಲಿ ಇದ್ದಾಗ ಬಡಿಸಬಾರದು, ಏನಾದರೂ ಮೆತ್ತಗಿನದು ತುಂಬಿರಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಣಿವಿನಲ್ಲಿ, ನಾಳೆ ನೋಡೋಣ ನಾಳೆ ನೋಡೋಣ ಅಂದುಕೊಂಡು ಹತ್ತು ದಿನ ತಳ್ಳಿದ್ದೆ. ಈಗ ನಾಲ್ಕು ಜನಕ್ಕೆ ಒಂದೇ ಪಿಸ್ತೂಲು. ಅದೂ ಮುರಿದರೆ ಪರೀಕ್ಷೆಯೇ ಇಲ್ಲ, ನಾಲ್ವರೂ ಮನೆಗೆ.

ನಕಲಿ ಕಾಡತೂಸು ಬೇಕಾಗಿತ್ತು. ಹಿತ್ತಾಳೆಯನ್ನೆಲ್ಲ ಯುದ್ಧ ನುಂಗಿತ್ತು. ರಬ್ಬರಿನ ಹೆಸರು ಎತ್ತುವಂತಿರಲಿಲ್ಲ. “ಕಟಗೀಲೆ ಮಾಡ್ಸಿದ್ರ?” ಅಂದವರು ಜಮಾದಾರರು. “ಕಿನ್ನಾಳಕ್ಕ ಹೋಗು ತಮ್ಮಾ. ಅವ್ರು ಕಟಗೀಲೆ ನಿನ್ನನ್ನೂ ಮಾಡಿ ಕೊಡ್ತಾರ.”

ಡಬ್ಬಿಯ ನಾಲ್ಕರಲ್ಲಿ ಒಂದನ್ನು ನಮೂನೆಗೆಂದು ಕಿಸೆಗೆ ಹಾಕಿಕೊಂಡು ಹೊರಟೆ. ಕೊಪ್ಪಳದ ತನಕ ಮೋಟಾರು, ಅಲ್ಲಿಂದ ಬಿಸಿಲಲ್ಲಿ ನಡಿಗೆ. ಕಿನ್ನಾಳ ಮುಟ್ಟಿದಾಗ ಕಾಲಿನ ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿದ್ದವು. ಅಲ್ಲಿ ಒಬ್ಬ ಹಿರಿಯ ಚಿತ್ರಗಾರರು ಮನೆಯ ಪಡಸಾಲೆಯಲ್ಲಿ ಕೂತು ಕಟ್ಟಿಗೆಯ ಗೌರಿಗೆ ಕಣ್ಣು ಬರೆಯುತ್ತಿದ್ದರು. ಬರೆದು ಮುಗಿಸುವ ತನಕ ನನ್ನ ಕಡೆ ನೋಡಲಿಲ್ಲ. ಆಮೇಲೆ ಕಾಡತೂಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಇದೇನ್ರಿ ಇದು, ಭಾಳ ಚಂದ ಐತಿ?”

“ಅದರ ಚಂದ ತಗೊಂಡು ಏನ್ ಮಾಡ್ತೀರಿ, ಹನ್ನೆರಡು ಬೇಕ್ರಿ. ಇದರಂಗ.”

“ಇದರಂಗ ಅಂದ್ರ?”

“ಇದರಂಗ ಅಂದ್ರ ಇದರಂಗ, ಯಜಮಾನ್ರ! ತಳದಾಗ ಇಷ್ಟು ತಗ್ಗ ಬಿಟ್ಟು ತೊಗಲಿನ ಚೂರು ಕೂಡಸ್ರಿ, ಬಡದ್ರ ಮೆತ್ತಗಿರಬೇಕು. ಒಲಿ ಹತ್ರ ಮಾತ್ರ ಒಯ್ಯಬ್ಯಾಡ್ರಿ, ಇದು ಜೀವ ಇರೂದು.”

“ಆತ್ರಿ. ಎಂಟ ದಿನ ಬಿಟ್ಟು ಬರ್ರಿ.”

ಬಣ್ಣದ ಮಾತು ನಾನು ಎತ್ತಲೇ ಇಲ್ಲ. ಕಟ್ಟಿಗೆಯ ತುಂಡು ಕಟ್ಟಿಗೆಯ ತುಂಡಿನಂತೆಯೇ ಬರುತ್ತದೆ ಎಂದುಕೊಂಡಿದ್ದೆ. ಕಿನ್ನಾಳದವರ ಮುಂದೆ ‘ಇದರಂಗ’ ಅಂದರೆ ಏನಾಗುತ್ತದೆ ಎಂದು ಆ ಸೀಮೆಯಲ್ಲೇ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಬಿಸಿಲಿಗೆ ತಲೆ ಓಡಲಿಲ್ಲ.

ಎಂಟು ದಿನ ತಂಬಿಗೆ ಹಿಡಿಸಿ ಕಳೆದು ಮತ್ತೆ ಹೋದೆ. ಚಿತ್ರಗಾರರು ಒಂದು ಬಟ್ಟೆಯ ಗಂಟು ಬಿಚ್ಚಿ ನನ್ನ ಮುಂದೆ ಹರಡಿದರು. ಹದಿಮೂರು ಕಾಡತೂಸು. ಹದಿಮೂರೂ ಹಿತ್ತಾಳೆಯ ಹೊಳಪು, ಹದಿಮೂರಕ್ಕೂ ಸೀಸದ ಮೂತಿ. ದೇವರ ಕಿರೀಟಕ್ಕೆ ಹಚ್ಚುವ ತವರದ ಹೊಳಪನ್ನು ಹುಣಸೆ ಬೀಜದ ಅಂಟಿನ ಮೇಲೆ ಕೂರಿಸಿ, ಎಣ್ಣೆ ಬಳಿದು ಬಂಗಾರದ ಬಣ್ಣ ಬರಿಸಿದ್ದರು. ತಳದ ಇಂಗ್ಲಿಷು ಅಕ್ಷರಗಳನ್ನೂ ಸೂಜಿಯಿಂದ ಹಾಗೆ ಹಾಗೆಯೇ ಕೊರೆದಿದ್ದರು. ಒಂದನ್ನು ಎತ್ತಿ ನೋಡಿದೆ. ತೂಕವೂ ಅಷ್ಟೇ!

“ಒಳಗ ಸೀಸದ ಚೂರು ಇಟ್ಟೀನ್ರಿ,” ಅಂದರು. “ಕೈಯಾಗ ಹಿಡಿದ್ರ ಹಗರ ಅನಸಿದ್ರ ಅದು ‘ಇದರಂಗ’ ಹೆಂಗ ಅಕ್ಕೈತ್ರಿ?”

“ಯಪ್ಪಾ! ನನ್ನ ಖರೇದ್ದು ಯಾವುದ್ರಿ?”

“ಅದರಾಗ ಐತಿ. ಆರಿಸ್ಕೋರಿ,” ಎಂದು ನಕ್ಕರು. “ಖರೇ ಹೇಳ್ತೀನಿ, ಈಗ ನನಗೂ ಗೊತ್ತಾಗವಲ್ದು.”

ಒಂದೊಂದನ್ನೂ ಬೆಳಕಿಗೆ ಹಿಡಿದೆ, ಮೂಸಿದೆ, ಕೆನ್ನೆಗೆ ಒತ್ತಿಕೊಂಡೆ. ಒಂದು ಸ್ವಲ್ಪ ತಣ್ಣಗಿದೆ ಅನ್ನಿಸಿತು, ಅದನ್ನು ಬೇರೆ ತೆಗೆದೆ. ಉಗುರಿನಿಂದ ಒಂದು ಗೀರು ಎಳೆದಿದ್ದರೆ ಸಾಕಿತ್ತು, ಬಣ್ಣ ಎದ್ದು ಬಂದು ತಿಳಿಯುತ್ತಿತ್ತು. ಆ ಮನುಷ್ಯರು ಎಂಟು ದಿನ ಕೂತು ಮಾಡಿದ್ದನ್ನು ಅವರ ಕಣ್ಣೆದುರಿಗೇ ಗೀರಲು ಮನಸ್ಸು ಬರಲಿಲ್ಲ. ಹೊರಗೆ ಬಂದ ಮೇಲಾದರೂ ಗೀರಬಹುದಿತ್ತು. ಕೊಪ್ಪಳದಲ್ಲಿ ಮೋಟಾರು ತಪ್ಪಿಹೋದೀತು ಎಂದು ಕುಂಟುತ್ತ ಓಡುವುದರಲ್ಲಿ ಅದೂ ಮರೆಯಿತು. ಚೌಕಿಗೆ ಬಂದವನೇ ಆ ತಣ್ಣಗಿನದನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಬೆಳಿಗ್ಗೆ ಕಿನ್ನಾಳದ ಹನ್ನೆರಡರಲ್ಲಿ ಆರನ್ನು ಪಿಸ್ತೂಲಿನ ತಿರುಗುವ ಗಿರಕಿಯ ಆರು ಮನೆಗಳಿಗೆ ತುಂಬಿ, “ಖಾಲಿ,” ಎಂದು ಜಮಾದಾರರ ಕೈಗೆ ಕೊಟ್ಟೆ. “ಖಾಲಿ,” ಅಂದರು. ನಾನು ಹುಣಸೆ ಬೀಜ ಇಟ್ಟು ಹಿಂದಕ್ಕೆ ಸರಿದೆ. ಚಟ್. ಬೀಜ ಬೀಳಲಿಲ್ಲ. ಚಟ್. ಚಟ್. ನಾಲ್ಕನೆಯದಕ್ಕೆ ಢಂ ಎಂದು ಚೌಕಿಯೇ ಅದುರಿತು.

ಕಾಗೆಗಳೆಲ್ಲ ಎದ್ದು ಕೂಗಿದವು. ಯಾರಿಗೂ ಏನೂ ಆಗಿರಲಿಲ್ಲ, ಎಲ್ಲರೂ ಅವರ ಬೆನ್ನ ಹಿಂದೆಯೇ ಇದ್ದೆವು. ಜಮಾದಾರರು ಪಿಸ್ತೂಲನ್ನು ನೆಲದ ಮೇಲೆ ಮೆಲ್ಲಗೆ ಇಟ್ಟರು. ತಿರುಗಿ ನನ್ನನ್ನು ನೋಡಿದರು.

“ಕೊಡುವಾಗ ಏನಂದಿ ತಮ್ಮಾ?”

“ಖಾಲಿ ಅಂದೆ,” ಅಂದೆ.

“ಮೂವತ್ತು ವರ್ಷದಾಗ ನನಗ ಯಾರೂ ತಪ್ಪ ಹೇಳಿದ್ದಿಲ್ಲ.”

ಅವರು ಇನ್ನೊಂದು ಸಲ ಕಪಾಳಕ್ಕೆ ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಹೊಡೆಯಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ, ನಾಚಿಕೆ ಬಿಟ್ಟು ಅತ್ತೆ. ಆ ನಳಿಗೆಯ ಮುಂದೆ ಯಾರಾದರೂ ಇದ್ದಿದ್ದರೆ ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆಗ ಗೋಡೆಯ ಹತ್ತಿರ ಹೋಗಿದ್ದ ಗಂಗಾವತಿ ಜವಾನ ಕೂಗಿದ.

“ಉಸ್ತಾದ್ರ, ಇಲ್ಲಿ ಬರ್ರಿ. ಜಮಾದಾರ್ರ, ನೀವೂ ಬರ್ರಿ. ಇಲ್ಲಿ ನೋಡ್ರಿ!”

ಸುಣ್ಣದ ದುಂಡು ಗುರುತಿನ ನಟ್ಟನಡುವೆ ತೂತಿತ್ತು. ಜಮಾದಾರರು ಅದರಲ್ಲಿ ಕಿರುಬೆರಳು ಹಾಕಿ ನೋಡಿದರು. ತೆಗೆದು ಮತ್ತೆ ಹಾಕಿದರು. ಗುಂಡು ಇದೆ ಎಂದು ಗೊತ್ತಿಲ್ಲದಿದ್ದಾಗ ಆ ಕೈ ಬೆಚ್ಚಿರಲಿಲ್ಲ. ಎಷ್ಟೋ ದಿನದಿಂದ ನಾನು ಹುಡುಕುತ್ತಿದ್ದ ಉತ್ತರ ನನ್ನ ಗೇಡಿತನದಿಂದಲೇ ಸಿಕ್ಕಿತ್ತು. ಅದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಡಬ್ಬಿಯಲ್ಲಿಟ್ಟಿದ್ದ ತಣ್ಣಗಿನದನ್ನು ತೆಗೆದು ಗೀರಿದೆ. ಬಣ್ಣ ಎದ್ದು ಕಟ್ಟಿಗೆ ಕಂಡಿತು. ಹನ್ನೆರಡಕ್ಕೂ ತಳದಲ್ಲಿ ಚಾಕುವಿನಿಂದ ಒಂದೊಂದು ಗುರುತು ಕೊಯ್ದೆ. ಇನ್ನು ಮುಂದೆ ತುಂಬುವವನಿಗೆ ಗೊತ್ತಿರಬೇಕು, ಹಿಡಿದವನಿಗೆ ಗೊತ್ತಿರಬಾರದು. ಯಾವುದೇ ಇರಲಿ, ಒಳಗಿರುವುದೆಲ್ಲ ನಿಜದ್ದೇ ಎಂದು ತಿಳಿದು ಎಲ್ಲರೂ ಹಿಂದೆ ನಿಲ್ಲಬೇಕು. ಇದಕ್ಕೆ ಖರೇ ಕಾಡತೂಸು ಬೇಕು, ಉಳಿದಿರುವುದು ಮೂರು. ಅವು ನಾಲ್ವರ ಪಾಲು. ಒಬ್ಬರಿಗೇ ಕೊಡುವುದು ನ್ಯಾಯವಲ್ಲ. ಎರಡು ದಿನ ಇದನ್ನೇ ಯೋಚಿಸಿ ಕಡೆಗೆ ಜವಾನರನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅವ್ರಿಗೇ ಕೊಡ್ರಿ,” ಅಂದ ಗಂಗಾವತಿಯವನು. “ನಮಗೇನ್ರಿ, ಇನ್ನ ವಯಸ್ಸೈತಿ, ಫೇಲ್ ಆದ್ರ ನಮ್ಮೂರಾಗ ಗದ್ದಿ ಕೆಲಸಕ್ಕ ಹೋಕ್ಕೀನಿ. ಅವ್ರೆಲ್ಲಿ ಹೋಗ್ಬೇಕು?” ಆವತ್ತು ಅವನು ನಗಿಸುವ ಮಾತು ಆಡಲಿಲ್ಲ. ಉಳಿದಿಬ್ಬರೂ ತಲೆಯಾಡಿಸಿದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಜಮಾದಾರರು ಒಂದು ಕರಾರು ಹಾಕಿದರು. “ಒಳಗ ಏನೈತಿ ಅಂತ ಹೇಳಬ್ಯಾಡ, ಆತು. ಆದ್ರ ಖಾಲಿ ಅಂತ ಸುಳ್ಳ ಹೇಳಬ್ಯಾಡ, ಭರ್ತಿ ಅಂತನೂ ಹೇಳಬ್ಯಾಡ. ಕಟಗಿ ಕೂಡ್ಸಿದ್ದಿ ಅಂದ್ರ ‘ದೇವರ ಬಲ್ಲ’ ಅನ್ನು. ನಾನೂ ಹಂಗ ಅಂತೀನಿ.”

ಹಾಗೆ ನಮ್ಮ ಎರಡು ಮಾತಿಗೆ ಮೂರನೆಯದು ಸೇರಿತು. ನಾನು ಬೆನ್ನು ತಿರುಗಿಸಿ ತುಂಬುತ್ತಿದ್ದೆ, “ದೇವರ ಬಲ್ಲ,” ಎಂದು ಕೊಡುತ್ತಿದ್ದೆ. “ದೇವರ ಬಲ್ಲ,” ಎಂದು ಅವರು ಹಿಡಿಯುತ್ತಿದ್ದರು. ಬಹಳ ದಿನ ಆರಕ್ಕೆ ಆರೂ ಕಟ್ಟಿಗೆಯವೇ. ಆದರೆ ಅವರಿಗೆ ಅದು ಗೊತ್ತಿಲ್ಲವಲ್ಲ! ಒಳಗೆ ಒಂದಾದರೂ ಇದ್ದೀತು ಎಂಬ ಹೆದರಿಕೆಗೆ ಕೈ ಕುಸಿದು, ಬೀಜ ನೆಲಕ್ಕೆ ಬಿದ್ದು, ಆಮೇಲೆ ‘ಚಟ್’ ಅನ್ನುತ್ತಿತ್ತು. ಆಗ ಅವರ ರೋಗ ಅವರ ಕಣ್ಣಿಗೇ ಕಾಣುತ್ತಿತ್ತು. ಗುಂಡು ಹಾರಿದರೆ ಸದ್ದು ಹೊಗೆಯಲ್ಲಿ ಅದು ಮುಚ್ಚಿಹೋಗುತ್ತದೆ. “ಥೂ, ಕುಸದ್ನಿ ನೋಡು,” ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಬೈದುಕೊಂಡು ಮತ್ತೆ ಎತ್ತುತ್ತಿದ್ದರು. ದಿನಕ್ಕೆ ಇನ್ನೂರು ಸಲ ‘ದೇವರ ಬಲ್ಲ’ ಅನ್ನುವುದರಲ್ಲಿ ಇಬ್ಬರ ಗಂಟಲೂ ಒಣಗುತ್ತಿತ್ತು.

ನಡುವೆ ಮೂರು ದಿನ ಒಂದೊಂದು ಖರೇದ್ದನ್ನು ಕೂಡಿಸಿದೆ. ಮೊದಲನೆಯದು ಚೌಕದ ಕೆಳಗೆ ಒಂದು ಗೇಣು ತಪ್ಪಿತು. ಎರಡನೆಯದು ಚೌಕದ ಅಂಚು ಸವರಿತು. ಮೂರನೆಯದು ಒಳಗೆ ಬಿತ್ತು. ಆದರೆ ‘ಭರ್ತಿ’ ಎಂದು ಹೇಳಿ ಆರೂ ಖರೇದ್ದನ್ನು ಕೊಟ್ಟರೆ ಏನಾಗುತ್ತದೆ ಎಂದು ನೋಡಲು ನಮ್ಮಲ್ಲಿ ಇನ್ನೊಂದೂ ಉಳಿದಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ ನಾನೇ ಒಂದು ಉಪಾಯ ತೆಗೆದೆ. ಹಳೆಯ ದಾಸ್ತಾನಿನ ಕಾಡತೂಸುಗಳಲ್ಲಿ ಕೆಲವು ಹಾರದೆ ಫುಸ್ ಅನ್ನುವುದು ಆಗ ಎಲ್ಲ ಕಡೆಯೂ ಇತ್ತು. ಫುಸ್ಸಾದದ್ದಕ್ಕೆ ಬದಲಿ ಕೊಡುವುದು ರೂಢಿ. “ಪರೀಕ್ಷಾದಾಗ ನಿಮ್ಮ ಆರರಾಗ ಎರಡ ಕಟಗೀವು ಕೂಡಸ್ತೀನ್ರಿ. ಬಡದಾಗ ಫುಸ್ ಆತು ಅಂತಾರ, ಬದಲಿ ಕೊಡ್ತಾರ. ಯಾವ ಎರಡು ಅಂತ ನಿಮಗ ಗೊತ್ತಿರಂಗಿಲ್ಲ, ಕೈ ನಿಂದರತೈತಿ.”

“ಸಾಹೇಬನ ಮುಂದ ಕಟಗಿ ಹಾಕ್ತೀಯೇನ?” ಎಂದು ಜಮಾದಾರರು ಹುಣಸೆ ಬೀಜವನ್ನು ನಳಿಗೆಯಿಂದ ತೆಗೆದು ಕಟ್ಟೆಯ ಮೇಲಿಟ್ಟರು. ಆಮೇಲೆ, “ಹಾಕು. ನನಗೂ ಸಾಕಾಗೈತಿ,” ಅಂದರು.

ಪರೀಕ್ಷೆ ಗಂಗಾವತಿಯ ಹೊರಗೆ, ಬಂಡೆಗಳ ನಡುವಿನ ಒಂದು ಬಯಲಿನಲ್ಲಿ. ಬೇರೆ ಬೇರೆ ಚೌಕಿಗಳವರೂ ಬಂದಿದ್ದರು. ಬೆಳಿಗ್ಗೆಯೇ ಬಂಡೆಗಳು ಕಾದು ಮುಖಕ್ಕೆ ಝಳ ಹೊಡೆಯುತ್ತಿತ್ತು. ಕಿಸೆಯಲ್ಲಿ ಎರಡು ಕಟ್ಟಿಗೆಯ ಕಾಡತೂಸು ಇಟ್ಟುಕೊಂಡು ನಾನು ಪರೀಕ್ಷೆ ನಡೆಸುವ ಸಾಹೇಬರ ಡೇರೆಗೆ ಹಾಜರಿ ಕೊಡಲು ಹೋದೆ. ಸಾಹೇಬರು ಉಸ್ತಾದರನ್ನೆಲ್ಲ ನಿಲ್ಲಿಸಿಕೊಂಡು ಉರ್ದುವಿನಲ್ಲಿ ಒಂದೇ ಮಾತು ಹೇಳಿದರು. ಫುಸ್ ಆದ ಕಾಡತೂಸಿನ ಬಗ್ಗೆ ದೂರು ಬಹಳ ಬಂದಿದೆ, ಇವತ್ತು ಹಾರದೇ ಇರುವ ಒಂದೊಂದೂ ನನ್ನ ಕೈಗೇ ಬರಬೇಕು, ಒಡೆದು ನೋಡುತ್ತೇನೆ ಎಂದು.

ಒಡೆದರೆ ಕಿನ್ನಾಳದ ಕಟ್ಟಿಗೆ ಹೊರಬರುತ್ತದೆ. ಆಮೇಲೆ ಜಮಾದಾರರ ವಜೀಫಾ ಒಂದೇ ಅಲ್ಲ, ಅವರ ಮರ್ಯಾದೆಯೂ ಹೋಗುತ್ತದೆ. ನನ್ನ ನೌಕರಿಯಂತೂ ಅಲ್ಲಿಗೇ ಮುಗಿಯಿತು. ಡೇರೆಯಿಂದ ಹೊರಗೆ ಬಂದಾಗ ಜಮಾದಾರರು ಬೇವಿನ ನೆರಳಿನಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಹೇಳಬೇಕೆಂದು ಅವರ ಕಡೆ ನಾಲ್ಕು ಹೆಜ್ಜೆ ಹೋದೆ. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಆರೂ ಖರೇವು ಎಂದು ಕಿವಿಗೆ ಬಿದ್ದರೆ ಆರೂ ನೆಲಕ್ಕೆ. ನಾನು ಅಲ್ಲಿಂದಲೇ ತಿರುಗಿದೆ.

ಮೂವರು ಜವಾನರೂ ಪಾಸಾದರು. ಗಂಗಾವತಿಯವನು ಸರಿಯಾಗಿ ನಾಲ್ಕು ಹಾಕಿ, ತನ್ನ ಊರಿನ ಗದ್ದೆಗೆ ಕೈ ಮುಗಿದ. ಕಡೆಗೆ ಜಮಾದಾರರ ಹೆಸರು ಕರೆದರು. ನಾನು ಬೆನ್ನು ತಿರುಗಿಸಿ ಆರು ಖರೇ ಕಾಡತೂಸು ತುಂಬಿದೆ. ಗಿರಕಿ ಮುಚ್ಚಿ, ಸಾಹೇಬರಿಗೆ ಕೇಳುವಂತೆ “ಭರ್ತಿ!” ಎಂದು ಕೂಗಿ ಕೊಟ್ಟೆ.

“ಭರ್ತಿ!” ಎಂದು ಹಿಡಿದರು. ಹಿಡಿದು ನನ್ನ ಕಣ್ಣನ್ನೇ ನೋಡಿದರು. ನಾನು ತುಟಿಯಲ್ಲೇ “ದೇವರ ಬಲ್ಲ,” ಅಂದೆ. ಅವರ ಹೆಗಲು ಸಡಿಲವಾದದ್ದು ನನಗೆ ಕಂಡಿತು.

ಮೊದಲನೆಯದು ಹಾರಿತು, ಚೌಕದೊಳಗೆ. ಎರಡನೆಯದಕ್ಕೆ ಕೈ ಸ್ವಲ್ಪ ಕುಸಿದು ಚೌಕದ ಕೆಳಗೆ. ಮೂರನೆಯದು ಒಳಗೆ. ನಾಲ್ಕನೆಯದು ಎಡಕ್ಕೆ ಹೋಯಿತು. ಎರಡು ಒಳಗೆ, ಎರಡು ಹೊರಗೆ. ಇನ್ನು ಎರಡೂ ಒಳಗೇ ಬೀಳಬೇಕು. ಆದರೆ ಅವರ ಲೆಕ್ಕದಲ್ಲಿ ನಾಲ್ಕು ಖರೇವು ಮುಗಿದಿದ್ದವು, ಉಳಿದೆರಡು ಕಟ್ಟಿಗೆಯವು. ಕಟ್ಟಿಗೆಯದಕ್ಕೆ ಎತ್ತುವಂತೆ ನೆಮ್ಮದಿಯಿಂದ ಎತ್ತಿದರು, ಮೆಲ್ಲಗೆ ಒತ್ತಿದರು. ಢಂ! ಚೌಕದ ನಟ್ಟನಡುವೆ.

ಅವರು ಪಿಸ್ತೂಲು ಕೆಳಗಿಳಿಸಿದರು. ತಲೆ ತಿರುಗಿಸಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಹೇಗೆ ಹೇಳಲಿ? ಹಿಂಗೋಡೆಯ ಮುಂದೆ ಆ ಬೆಳಿಗ್ಗೆ ನೋಡಿದ್ದರಲ್ಲ, ಅದಕ್ಕಿಂತ ಕೆಟ್ಟದ್ದು. ಅವತ್ತು ನಾನು ತಿಳಿಯದೆ ತಪ್ಪು ಹೇಳಿದ್ದೆ. ಆರನೆಯದೂ ಖರೇದ್ದೇ ಎಂದು ಈಗ ಅವರಿಗೆ ಗೊತ್ತಾಗಿತ್ತು. “ಜಲ್ದಿ,” ಎಂದರು ಸಾಹೇಬರು. ಜಮಾದಾರರು ಗುರಿಯ ಕಡೆ ತಿರುಗಿ ಕೈ ಚಾಚಿದರು. ಬಹಳ ಹೊತ್ತು ಹಾಗೆಯೇ ನಿಂತರು. ನಾನು ನೆಲ ನೋಡುತ್ತಿದ್ದೆ. ಸದ್ದು ಕೇಳಿತು. ಗುರಿಯ ಹತ್ತಿರ ಇದ್ದವನು, “ಅಂದರ್!” ಎಂದು ಕೂಗಿದ. ಒಳಗೆ ಬಿದ್ದಿತ್ತು.

ಜವಾನರು ಅವರನ್ನು ಎತ್ತಿಕೊಳ್ಳದೇ ಬಿಟ್ಟದ್ದೊಂದು ಕಮ್ಮಿ. ಮಧ್ಯಾಹ್ನ ಬೇವಿನ ಕೆಳಗೆ ರೊಟ್ಟಿ ಬಿಚ್ಚಿದಾಗ ನಾವಿಬ್ಬರೇ ಇದ್ದೆವು.

“ದೇವರ ಬಲ್ಲ ಅಂದಿ,” ಅಂದರು.

“ಅಂದೆ.”

“ದೇವರಷ್ಟ ಅಲ್ಲ, ನಿನಗೂ ಗೊತ್ತಿತ್ತು.”

“ಗೊತ್ತಿತ್ತರಿ. ಫುಸ್ ಆದದ್ದನ್ನ ಒಡದು ನೋಡ್ತೀನಿ ಅಂದ್ರು ಸಾಹೇಬ್ರು. ನಿಮಗ ಹೇಳಿದ್ರ ಕೈ ಕುಸೀತಿತ್ತು.”

“ಕುಸೀತಿತ್ತು, ಖರೇ ಐತಿ. ನನ್ನ ವಜೀಫಾ ಉಳಿಸಿದಿ, ಅದನ್ನ ನಾ ಸಾಯುತನ ಮರೆಯಂಗಿಲ್ಲ.” ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಇಟ್ಟರು. “ಆದ್ರ ಆರನೇದು ನಾ ಹೊಡದದ್ದು ಸಿಟ್ಟಿಲೆ ತಮ್ಮಾ. ನಿನ್ನ ಮ್ಯಾಲಿನ ಸಿಟ್ಟಿಲೆ.”

ನಾನು ರೊಟ್ಟಿ ತಿಂದೆ.

ಮರುದಿನ ಚೌಕಿಯಲ್ಲಿ ಪಿಸ್ತೂಲನ್ನು ಅವರಿಗೆ ಒಪ್ಪಿಸಿ ನಾನು ಹೊರಡಬೇಕಿತ್ತು. ಒರೆಸಿ ಎಣ್ಣೆ ಹಾಕಿ, “ಖಾಲಿ,” ಎಂದು ಚಾಚಿದೆ. ಜಮಾದಾರರು ತೆಗೆದುಕೊಂಡರು. ಗಿರಕಿ ಬಿಚ್ಚಿದರು. ಬೆಳಕಿಗೆ ಹಿಡಿದು ಆರು ಮನೆಯನ್ನೂ ಒಂದೊಂದಾಗಿ ನೋಡಿದರು. ಮುಚ್ಚಿದ ಮೇಲೆ, “ಖಾಲಿ,” ಅಂದರು. ಮೂವರು ಜವಾನರೂ ಅಲ್ಲೇ ಇದ್ದರು. ಯಾವಾಗಲೂ ಮಾತಾಡುವ ಗಂಗಾವತಿಯವನು ಕೂಡ ತಲೆ ತಗ್ಗಿಸಿಕೊಂಡ.

ಆಮೇಲೆ ನಾನು ಹೊಸಬರಿಗೆ ಕಲಿಸುವಾಗ, ಯಾರು ಏನೇ ಹೇಳಿ ಕೊಡಲಿ, ಬಿಚ್ಚಿ ನೋಡಿಯೇ ತೆಗೆದುಕೊಳ್ಳಬೇಕು ಎಂದು ಹೇಳಿಕೊಡತೊಡಗಿದೆ. ನಾನು ಕೊಟ್ಟರೂ ನೋಡಬೇಕು ಅನ್ನುತ್ತಿದ್ದೆ. ಅದು ಯಾವುದೋ ಕಾಯಿದೆ ಪುಸ್ತಕದಲ್ಲಿ ಇದೆ ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿಯಲಿ ಎಂದು ಬಿಟ್ಟೆ.

ಜಮಾದಾರರು ಆ ಎರಡು ವರ್ಷ ಮುಗಿಸಿ ವಜೀಫಾ ಪಡೆದರು. ನಾನು ಆ ದಾರಿಗೆ ಹೋದಾಗಲೆಲ್ಲ ಕೂರಿಸಿ ಊಟ ಹಾಕುತ್ತಿದ್ದರು, ತಮ್ಮಾ ಎಂದೇ ಕರೆಯುತ್ತಿದ್ದರು, ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ನೌಕರಿಯ ಕೊನೆಯ ದಿನ ಹತ್ಯಾರ ಒಪ್ಪಿಸುವಾಗ ನಾನೂ ಅಲ್ಲಿದ್ದೆ. ಗೋಡೆಯ ಗೂಟದಿಂದ ಅವರ ಪಿಸ್ತೂಲು ತೆಗೆದು, “ಖಾಲಿ ಐತ್ರಿ ಜಮಾದಾರ್ರ,” ಎಂದು ಎರಡೂ ಕೈಯಿಂದ ಕೊಟ್ಟೆ. ಅವರು ನನ್ನ ಬೆನ್ನು ತಟ್ಟಿದರು. ಆಮೇಲೆ ಗಿರಕಿ ಬಿಚ್ಚಿ ನೋಡಿದರು.